ಒಂದೇ ಹಕ್ಕಿ, ಎರಡು ಹೆಸರು

ಕಂಪ್ಯೂಟರ್ ಮತ್ತೆ ಅದೇ ಹಾಡು ಹಾಡಿತು. ಮೂಳೆಗೊಂದರಂತೆ ಹಾಕಿದ ಚುಕ್ಕೆಗಳೆಲ್ಲ ಒಂದೇ ಗುಂಪು. ಎಡಗಡೆ ಒಂದು ಗುಂಪು, ಬಲಗಡೆ ಇನ್ನೊಂದು, ನಡುವೆ ಒಂಚೂರಾದರೂ ಖಾಲಿ ಜಾಗ ಇರಲಿ ಎಂದು ನಾನು ಪರದೆಯ ಮುಂದೆ ಬೇಡಿಕೊಂಡು ಕೂತಿದ್ದೆ. ಇರಲಿಲ್ಲ. ಮೂಳೆಗಳನ್ನು ಉದ್ದಕ್ಕೆ ಅಳೆದರೂ ಅಷ್ಟೇ, ಅಡ್ಡಕ್ಕೆ ಅಳೆದರೂ ಅಷ್ಟೇ, ಒಂದಳತೆಯಿಂದ ಇನ್ನೊಂದನ್ನು ಭಾಗಿಸಿದರೂ ಅಷ್ಟೇ. ಅಳತೆ ಹಿಡಿಯುವ ಕ್ಯಾಲಿಪರನ್ನು ಮೇಜಿನ ಮೇಲೆ ಕುಕ್ಕಿದೆ. ಕುಕ್ಕಿದ ಮೇಲೆ ಮೊನೆ ಬಾಗಿತೇನೋ ಎಂದು ಗಾಬರಿಯಾಗಿ ಎತ್ತಿ ನೋಡಿದೆ. ನಮ್ಮ ಕೋಣೆಯಲ್ಲಿ ನೆಟ್ಟಗೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ, ಇರುವ ಸಾಮಾನೆಲ್ಲ ನಾಜೂಕಿನದು.

ನಮ್ಮ ಕೋಣೆ ಎಂದರೆ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿರುವ ಮೂಳೆ ಕೋಣೆ. ಗೋಡೆಯುದ್ದಕ್ಕೂ ಉಕ್ಕಿನ ಕಪಾಟುಗಳು, ಅವುಗಳೊಳಗೆ ಅಗಲವಾದ ಡ್ರಾಯರುಗಳು, ಡ್ರಾಯರುಗಳೊಳಗೆ ಹತ್ತಿ ಹಾಸಿದ ತಟ್ಟೆಗಳು. ಅಂಥ ಎರಡು ತಟ್ಟೆಗಳು ತಿಂಗಳುಗಟ್ಟಲೆ ನನ್ನ ಮೇಜಿನ ಮೇಲೆ ಬೀಡುಬಿಟ್ಟಿದ್ದವು. ಒಂದರ ಮೇಲೆ 'ದೊಡ್ಡದು', ಇನ್ನೊಂದರ ಮೇಲೆ 'ಸಣ್ಣದು' ಎಂದು ಅಪ್ಪನ ಕೈಬರಹ. ಎರಡರಲ್ಲೂ ಇದ್ದದ್ದು ಲೂನ್ ಹಕ್ಕಿಯ ಕಾಲಿನ ಮೂಳೆಗಳು, ಕಲ್ಲಾಗಿ ಹೋದವು. ಲೂನ್ ಚಳಿನಾಡಿನ ಕೆರೆಗಳಲ್ಲಿರುವ ದೊಡ್ಡ ಮುಳುಗುಹಕ್ಕಿ. ನೀರೊಳಗೆ ಅದು ಬೆನ್ನುಹತ್ತಿದರೆ ಮೀನಿನ ಕಥೆ ಮುಗಿಯಿತು, ದಡಕ್ಕೆ ಬಂದರೆ ಮಾತ್ರ ನೆಟ್ಟಗೆ ನಾಲ್ಕು ಹೆಜ್ಜೆ ಇಡಲಾರದು, ಕಾಲುಗಳು ಅಷ್ಟೊಂದು ಹಿಂದೆ ಹುಟ್ಟಿವೆ. ಈಗಲೂ ಬದುಕಿರುವ ಲೂನ್‌ಗಳು ಕೆಲವಿವೆ. ನನ್ನ ಮೇಜಿನ ಮೇಲಿದ್ದವು ಮನುಷ್ಯ ಹುಟ್ಟುವುದಕ್ಕೂ ಲಕ್ಷಾಂತರ ವರ್ಷ ಮೊದಲೇ ಅಳಿದುಹೋದವು, ಇಟ್ಟಿಗೆ ಭಟ್ಟಿಯವರು ಮಣ್ಣು ತೆಗೆದ ಗುಂಡಿಯೊಂದರಲ್ಲಿ ಅಪ್ಪನಿಗೆ ಸಿಕ್ಕವು.

ಅಪ್ಪ ಇದೇ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತು ನಿವೃತ್ತರಾದವರು. ಆ ಮೂಳೆಗಳನ್ನು ನೋಡಿ, ಇವು ಒಂದಲ್ಲ ಎರಡು ಪ್ರಭೇದ ಎಂದು ಲೇಖನ ಬರೆದರು. ದೊಡ್ಡ ಪ್ರಭೇದಕ್ಕೆ ಅಕ್ಕನ ಹೆಸರಿಟ್ಟರು, ಸಣ್ಣದಕ್ಕೆ ನನ್ನ ಹೆಸರಿಟ್ಟರು, ಎರಡಕ್ಕೂ ಲ್ಯಾಟಿನ್ ಬಾಲ ಅಂಟಿಸಿದರು. ಹಾಗಾಗಿ ಜಗತ್ತಿನ ಪುಸ್ತಕಗಳಲ್ಲಿ ನಾವಿಬ್ಬರೂ ಅಕ್ಕತಂಗಿ ಹಕ್ಕಿಗಳಾಗಿ ಪಕ್ಕಪಕ್ಕದಲ್ಲಿ ಈಜಿಕೊಂಡಿದ್ದೆವು. ಮುಂದೆ ನಾನೂ ಅಪ್ಪನ ಕಸುಬಿಗೇ ಬಂದೆ. ಎಲ್ಲ ಸಭೆಗಳಲ್ಲೂ ಯಾರಾದರೊಬ್ಬರು, “ಓಹೋ, ನೀವು ಅಳಿದುಹೋದವರಲ್ಲವೇ?” ಎಂದು ಚಟಾಕಿ ಹಾರಿಸುತ್ತಾರೆ. ನಕ್ಕು ನಕ್ಕು ದವಡೆ ನೋವು ಬಂದಿದೆ.

ಈ ತಲೆನೋವನ್ನು ನಾನಾಗಿ ಮೈಮೇಲೆ ಎಳೆದುಕೊಂಡದ್ದಲ್ಲ. ಮಹಡಿಯಲ್ಲಿ ಹಳೆಯ ಕಾಲದ ಕೆರೆಯ ಪ್ರಾಣಿಗಳದ್ದೇ ಒಂದು ಹೊಸ ಪ್ರದರ್ಶನ ಕೋಣೆ ತೆರೆಯುವುದಿತ್ತು. ಫಲಕ ಬರೆಯುವ ಮೊದಲು ಮೂಳೆಗಳನ್ನು ಇನ್ನೊಮ್ಮೆ ನೋಡಿಬಿಡಿ ಎಂದು ನಮ್ಮ ಮುಖ್ಯಸ್ಥರು ಹೇಳಿದರು. ಅವರಿಗೆ ನಾವೆಲ್ಲ ತಾಳ್ಮೆ ಎಂದೇ ಹೆಸರಿಟ್ಟಿದ್ದೇವೆ. ಸಂಬಳ ತಡವಾದರೂ, ಸೂರು ಸೋರಿದರೂ, ಲಿಫ್ಟ್‌ನಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡರೂ ಅವರ ಬಾಯಲ್ಲಿ ಅದೊಂದೇ ಮಾತು. ನಾನು ಆ ಕೆಲಸ ಒಪ್ಪಿಕೊಂಡದ್ದು ಅಪ್ಪನ ಮಾತೇ ಸರಿ ಎಂದು ತೋರಿಸುವುದಕ್ಕೆ. ಈಗ ಯಂತ್ರಗಳಿವೆ, ಹೊಸ ವಿಧಾನಗಳಿವೆ, ಎರಡನ್ನು ಎರಡೇ ಎಂದು ಅಚ್ಚುಕಟ್ಟಾಗಿ ನಿಲ್ಲಿಸಿಬಿಡೋಣ ಎಂದುಕೊಂಡಿದ್ದೆ. ಮೂಳೆಗಳು ಒಪ್ಪಬೇಕಲ್ಲ!

ಅವು ಒಪ್ಪಲಿಲ್ಲ. ದೊಡ್ಡ ತಟ್ಟೆಯ ಅತಿ ಸಣ್ಣ ಮೂಳೆಗಳು ಸಣ್ಣ ತಟ್ಟೆಯ ದೊಡ್ಡ ಮೂಳೆಗಳಿಗಿಂತ ಸಣ್ಣವು. ನಡುಗಾತ್ರದವನ್ನು ಅಪ್ಪ ಮೂರನೆಯ ಡ್ರಾಯರಿಗೆ ತುಂಬಿ 'ಅನುಮಾನ' ಎಂದು ಚೀಟಿ ಹಚ್ಚಿದ್ದರು. ಅವನ್ನೂ ಸೇರಿಸಿ ಅಳೆದರೆ ಗಂಡು, ಹೆಣ್ಣು, ಎಳೆಯದು, ಬಲಿತದ್ದು ಎಲ್ಲ ಸೇರಿದ ಒಂದು ದೊಡ್ಡ ಸಂಸಾರ ಅದು, ಅಷ್ಟೇ. ಒಂದೇ ಪ್ರಭೇದ. ವಾರಗಟ್ಟಲೆ ಬೇರೆ ದಾರಿ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಹಾಗೆಯೇ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸಿದೆ, ಪತ್ರಿಕೆಯವರು ಒಪ್ಪಿಯೂಬಿಟ್ಟರು. ಒಪ್ಪಿ, ಒಂದು ಪ್ರಶ್ನೆ ಕೇಳಿದರು. ಒಂದೇ ಪ್ರಭೇದವಾದ ಮೇಲೆ ಎರಡು ಹೆಸರು ಇರುವಂತಿಲ್ಲ, ಯಾವುದನ್ನು ಉಳಿಸುತ್ತೀರಿ?

ಸಾಮಾನ್ಯವಾಗಿ ಈ ಪ್ರಶ್ನೆ ಏಳುವುದೇ ಇಲ್ಲ. ಮೊದಲು ಅಚ್ಚಾದ ಹೆಸರು ಉಳಿಯುತ್ತದೆ, ಆಮೇಲಿನದು ಹೋಗುತ್ತದೆ. ಆದರೆ ಅಪ್ಪ ಎರಡನ್ನೂ ಒಂದೇ ಲೇಖನದಲ್ಲಿ, ಒಂದೇ ದಿನ ಹೆಸರಿಸಿದ್ದರು. ಅಂಥ ಕಡೆ ನಮ್ಮ ಕಸುಬಿನ ನಿಯಮ ಬೇರೆ. ಎರಡೂ ಒಂದೇ ಎಂದು ಮೊದಲು ತೋರಿಸಿದವರು ಯಾರೋ, ಆಯ್ಕೆಯೂ ಅವರದೇ. ಅವರು ಆರಿಸಿದ ಹೆಸರು ಶಾಶ್ವತ, ಬಿಟ್ಟ ಹೆಸರು ಹಳೆಯ ಪಟ್ಟಿಗಳ ಮೂಲೆ ಸೇರುತ್ತದೆ. ಅಂದರೆ ಅಕ್ಕ ಉಳಿಯಬೇಕೋ ನಾನು ಉಳಿಯಬೇಕೋ ಎಂದು ನಾನೇ ಬರೆದುಕೊಡಬೇಕು, ಅದೂ ವಾರದೊಳಗೆ.

“ಇದರಲ್ಲಿ ಅಷ್ಟು ತಲೆಬಿಸಿ ಏನಿದೆ?” ಎಂದರು ತಾಳ್ಮೆ. ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಫಲಕದ ಕರಡು. “ದೊಡ್ಡವರದ್ದು ಇಟ್ಟುಬಿಡಿ. ಯಾರೂ ಏನೂ ಅನ್ನಲ್ಲ.”

“ಅದನ್ನೇ ಮಾಡಬೇಕು ಅಂತಿದ್ದೀನಿ ಸರ್. ಆಗ್ತಿಲ್ಲ.”

“ತಾಳ್ಮೆ ಇರಲಿ,” ಎಂದು ಹೊರಟುಹೋದರು.

ನಾನು ನಿಜಕ್ಕೂ ಅಕ್ಕನ ಹೆಸರನ್ನೇ ಉಳಿಸಬೇಕೆಂದು ಮೊದಲ ದಿನವೇ ನಿರ್ಧರಿಸಿದ್ದೆ. ನನ್ನದನ್ನು ಉಳಿಸಿದರೆ, ತನ್ನ ಬೆನ್ನು ತಾನೇ ತಟ್ಟಿಕೊಂಡಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಹಕ್ಕಿಯನ್ನು ಮೆರೆಸಿದವಳು ಅಕ್ಕ. ಅವಳದು ಕನ್ನಡಕದ ಅಂಗಡಿ. ಗಲ್ಲಾದ ಹಿಂದಿನ ಗೋಡೆಯಲ್ಲಿ ಆ ಹಕ್ಕಿಯ ಚಿತ್ರಕ್ಕೆ ಕಟ್ಟು ಹಾಕಿಸಿ, ಕೆಳಗೆ ಹೆಸರು ಬರೆಸಿ ತೂಗುಹಾಕಿದ್ದಾಳೆ. ಬಂದವರಿಗೆಲ್ಲ, “ಇದು ನನ್ನ ಹೆಸರಿನ ಹಕ್ಕಿ, ಭೂಮಿ ಮೇಲೆ ಈಗಿಲ್ಲ,” ಎಂದು ಹೇಳಿ, ಅವರು ಬಾಯಿ ಬಿಡುವುದನ್ನು ನೋಡಿ ಸಂತೋಷಪಡುತ್ತಾಳೆ. ಅದೇ ಚಿತ್ರದ ಚಿಕ್ಕ ಪ್ರತಿ ನನ್ನ ಹತ್ತಿರವೂ ಇದೆ, ಬಟ್ಟೆಯ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಅಪ್ಪ ಕಲಾವಿದನಿಂದ ಬರೆಸಿದ್ದು ಒಂದೇ ಹಕ್ಕಿ. ನಕಲು ಯಂತ್ರದಲ್ಲಿ ಅದನ್ನೇ ಹಿಗ್ಗಿಸಿ ದೊಡ್ಡ ಪ್ರಭೇದ ಎಂದರು, ಕುಗ್ಗಿಸಿ ಸಣ್ಣ ಪ್ರಭೇದ ಎಂದರು. ಎರಡರ ಕೊಕ್ಕಿನಲ್ಲೂ ಅದೇ ಮೀನು ಒದ್ದಾಡುತ್ತಿದೆ.

ಅಕ್ಕನ ಹೆಸರಿಗೆ ಅಡ್ಡ ಬಂದದ್ದು ಅಕ್ಕನ ಮೂಳೆ. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಂದು ಮೂಳೆಯನ್ನು ಮಾದರಿ ಎಂದು ಗೊತ್ತುಮಾಡುತ್ತೇವೆ. ಹೆಸರನ್ನು ಕಟ್ಟಿಹಾಕುವುದು ಆ ಒಂದು ಮೂಳೆಗೆ, ಮಿಕ್ಕವೆಲ್ಲ ಅದರ ಬಳಗ. ಲೂನ್‌ನ ಕಾಲಿನ ಮೂಳೆಗೆ ಮೊಣಕಾಲಿನಿಂದ ಮೇಲಕ್ಕೆ ಚಾಚಿದ ಒಂದು ಚೂಪಾದ ಏಣು ಇರುತ್ತದೆ. ಇದು ಲೂನೇ, ಗುಳುಮುಳುಕದಂಥ ಬೇರೆ ಮುಳುಗುಹಕ್ಕಿಯಲ್ಲ ಎಂದು ಗಟ್ಟಿಯಾಗಿ ಹೇಳಿಸುವುದೇ ಆ ಏಣು. ನನ್ನ ಹೆಸರಿನ ಮಾದರಿ ಮೂಳೆ ತುದಿಯಿಂದ ಬುಡದವರೆಗೆ ಪೂರ್ತಿಯಾಗಿದೆ, ಏಣು ಈಗಷ್ಟೇ ಕಡೆದಿಟ್ಟ ಹಾಗಿದೆ. ಅಕ್ಕನದು ಮೋಟು. ಏಣು ಇರಬೇಕಾದ ಜಾಗದಲ್ಲಿ ಮುರಿದ ಗುರುತು ಮಾತ್ರ.

ಪತ್ರಿಕೆಯವರು ನನ್ನ ಲೇಖನವನ್ನು ತೋರಿಸಿದ್ದ ಪರಿಣತನೊಬ್ಬ ಇದನ್ನು ಮೂಗುತೂರಿಸಿ ಹಿಡಿದುಬಿಟ್ಟಿದ್ದ. ನೀವು ಯಾವ ಹೆಸರನ್ನಾದರೂ ಆರಿಸಬಹುದು, ನಿಯಮ ತಡೆಯುವುದಿಲ್ಲ, ಆದರೆ ಮೋಟು ಮೂಳೆಯ ಹೆಸರನ್ನು ಆರಿಸಿದರೆ, ಇದು ಲೂನೇ ಅಲ್ಲ ಎಂದು ನಾಳೆ ಯಾರಾದರೂ ತಕರಾರು ತೆಗೆದಾಗ ಏನು ಹೇಳುತ್ತೀರಿ ಎಂದು ಕೇಳಿದ್ದ. ಆ ಮನುಷ್ಯ ಯಾರೆಂದು ತಿಳಿದರೆ ಅವನ ಮುಖಕ್ಕೆ ಏನಾದರೂ ಎಸೆದೇನು ಎನ್ನುವಷ್ಟು ಸಿಟ್ಟು ಬಂತು. ಅವನು ಹೇಳಿದ್ದು ಸರಿಯಾಗಿತ್ತು ಎನ್ನುವುದಕ್ಕೇ ಆ ಸಿಟ್ಟು.

ಮುರಿದ ಏಣು ಎಲ್ಲಾದರೂ ಬಿದ್ದಿದೆಯೇನೋ ಎಂದು 'ಅನುಮಾನ'ದ ಡ್ರಾಯರಿನ ಚೂರುಪಾರನ್ನೆಲ್ಲ ಜಾಲಾಡಿದೆ. ಒಂದೊಂದನ್ನೂ ಅಕ್ಕನ ಮೂಳೆಗೆ ಒತ್ತಿ ನೋಡಿದೆ. ಯಾವುದೂ ಕೂರಲಿಲ್ಲ. ಇಷ್ಟಕ್ಕೂ ನನಗೆ ಅರ್ಥವಾಗದ್ದು ಇನ್ನೊಂದಿತ್ತು. ದೊಡ್ಡ ತಟ್ಟೆಯಲ್ಲಿ ಇದಕ್ಕಿಂತ ಚೆನ್ನಾಗಿರುವ ಮೂಳೆಗಳು ಇಲ್ಲ, ಎಲ್ಲ ಮೋಟುಗಳೇ. ಸಣ್ಣ ತಟ್ಟೆಯಲ್ಲೂ ಮೋಟುಗಳೇ, ನನ್ನದೊಂದನ್ನು ಬಿಟ್ಟು. ಆ ನನ್ನದೋ, ಸಣ್ಣ ತಟ್ಟೆಯಲ್ಲಿ ಇರಲೇಬಾರದು. ಅಷ್ಟು ಉದ್ದದ ಮೂಳೆ ದೊಡ್ಡ ತಟ್ಟೆಯಲ್ಲೂ ಒಂದೋ ಎರಡೋ ಇದ್ದಾವು. ಮೂಳೆಗಳ ನಡುವೆಯೇ ತಲೆ ನೆರೆಸಿಕೊಂಡ ಮನುಷ್ಯ ಇದನ್ನು ಸಣ್ಣದು ಎಂದು ಹೇಗೆ ಕರೆದರು? ಕಣ್ಣು ಎಲ್ಲಿಟ್ಟುಕೊಂಡಿದ್ದರು?

ಕೇಳಿಯೇಬಿಡೋಣ ಎಂದು ಹೊರಟೆ.

ಅಪ್ಪ ಇರುವುದು ಅಕ್ಕನ ಅಂಗಡಿಯ ಮೇಲಿನ ಮನೆಯಲ್ಲಿ, ಅಕ್ಕನ ಜೊತೆಗೆ. ನಾನು ಹೋದಾಗ ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡು ಜಿಗ್‌ಸಾ ಪಜಲ್ ಜೋಡಿಸುತ್ತಿದ್ದರು. ದೊಡ್ಡದೊಂದು ಹಡಗು, ಅದರ ಸುತ್ತ ಬರೀ ನೀಲಿ ಸಮುದ್ರ. ನನ್ನನ್ನು ನೋಡಿ ಕುರ್ಚಿ ತೋರಿಸಿದರು, ಕೈಯ ಚೂರನ್ನು ಕೆಳಗಿಡಲಿಲ್ಲ.

“ಅಪ್ಪ, ಅದು ಒಂದೇ,” ಎಂದೆ.

“ಎರಡು,” ಎಂದರು. ಯಾವುದು ಎಂದು ಕೇಳಲಿಲ್ಲ.

“ಎಲ್ಲಾ ಥರದಲ್ಲೂ ಅಳೆದು ನೋಡಿದ್ದೀನಿ. ನಡುವೆ ಎಲ್ಲೂ ಬಿರುಕೇ ಇಲ್ಲ. ನೀವು ಅನುಮಾನ ಅಂತ ಎತ್ತಿಟ್ಟಿದ್ದನ್ನ ಸೇರಿಸಿದ್ರೆ ಸಾಲಾಗಿ ನಿಂತ್ಕೊಳ್ತವೆ.”

“ಅನುಮಾನ ಇದ್ದಿದ್ದಕ್ಕೇ ಎತ್ತಿಟ್ಟಿದ್ದು. ಅದನ್ನ ಯಾಕೆ ಸೇರಿಸಿದೆ?”

“ಅನುಮಾನ ಇರೋದನ್ನೆಲ್ಲ ತೆಗೆದುಬಿಟ್ರೆ ಯಾವ್ದನ್ನ ಬೇಕಾದ್ರೂ ಎರಡು ಮಾಡಬಹುದಲ್ಲಪ್ಪ!”

ಅಪ್ಪ ನೀಲಿ ಚೂರೊಂದನ್ನು ಸಮುದ್ರದಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದರು. ಅದು ಅಲ್ಲಿನದಲ್ಲ ಎಂದು ನಾನು ಕೂತಲ್ಲಿಂದಲೇ ಕಾಣುತ್ತಿತ್ತು. ಇನ್ನೂ ಜೋರಾಗಿ ಒತ್ತಿದರು.

“ಹೋಗಲಿ, ನನ್ನ ಮೂಳೆ ವಿಷಯ ಹೇಳಿ,” ಎಂದೆ. “ಅಷ್ಟುದ್ದ ಇರೋದನ್ನ ಸಣ್ಣದು ಅಂತ ಯಾಕೆ ಬರೆದ್ರಿ?”

“ತೆಳ್ಳಗಿದೆ.”

“ತೆಳ್ಳಗಿದ್ರೆ ಸಣ್ಣದಾ?”

“ನಡು ತೆಳ್ಳಗಿದೆ ಕಣೇ. ಸರಿಯಾಗಿ ನೋಡು. ನಿಮಗೆಲ್ಲ ಈಗ ಯಂತ್ರ ಹೇಳಿದ್ದೇ ವೇದ, ಕಣ್ಣಲ್ಲಿ ನೋಡೋದೇ ಮರೆತುಬಿಟ್ಟಿದ್ದೀರಿ.” ಧ್ವನಿ ಏರಿತು. “ಎರಡು ಅಂದ್ರೆ ಎರಡು. ನಿನಗೆ ಒಂದು ಮಾಡಬೇಕಾ, ಮಾಡ್ಕೋ. ಇಬ್ಬರು ಮಕ್ಕಳಿದ್ರೂ ಒಬ್ಬಳೇ ಅಂತ ಬರೆದುಕೊಂಡು ತಿರುಗು. ನನ್ನನ್ನ ಕೇಳೋಕೆ ಬರಬೇಡ.”

ಮಕ್ಕಳ ಮಾತು ನಡುವೆ ಯಾಕೆ ಬಂತು ಎಂದು ಕೇಳುವ ಮೊದಲೇ ರೇಡಿಯೋ ಹಾಕಿ ಜೋರು ಮಾಡಿದರು. ಹವಾಮಾನ ವರದಿ ಬರುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲನ್ನು ದಡಾರನೆ ಹಾಕಿಕೊಂಡೇ ಕೆಳಗಿಳಿದೆ.

ಅಂಗಡಿಯಲ್ಲಿ ಅಕ್ಕ ಒಬ್ಬ ಬಸ್ ಚಾಲಕನ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಅವನ ಮೂಗಿನ ಮೇಲೆ ಗಾಜಿಲ್ಲದ ಪರೀಕ್ಷೆಯ ಕನ್ನಡಕದ ಕಟ್ಟು, ಅವಳ ಕೈಯಲ್ಲಿ ಗಾಜುಗಳು. ಒಂದನ್ನು ಹಾಕಿ, ತೆಗೆದು, ಇನ್ನೊಂದನ್ನು ಹಾಕಿ, “ಮೊದಲನೇದು ಸ್ಪಷ್ಟನಾ, ಇದಾ?” ಎಂದು ಕೇಳುತ್ತಿದ್ದಳು. ಚಾಲಕ ಪರೀಕ್ಷೆಯಲ್ಲಿ ನಪಾಸಾಗುವ ಹೆದರಿಕೆಯಿಂದ ಎಲ್ಲಕ್ಕೂ ಸ್ಪಷ್ಟ ಎನ್ನುತ್ತಿದ್ದ. ಅವಳಿಗೆ ಸ್ವಲ್ಪವೂ ಬೇಜಾರಾದಂತೆ ಕಾಣಲಿಲ್ಲ. ಈ ತಾಳ್ಮೆ ಇವಳಿಗೆ ಎಲ್ಲಿಂದ ಬಂತೋ, ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಇಲ್ಲ.

ಅವನು ಹೋದ ಮೇಲೆ ನಾನೇ ಆ ಕುರ್ಚಿಯಲ್ಲಿ ಕುಸಿದು ಕೂತೆ.

“ಮೇಲೆ ಬಾಗಿಲು ಬಡಿದಿದ್ದು ಇಲ್ಲಿಗೆ ಕೇಳ್ತು,” ಎಂದಳು ಅಕ್ಕ. “ಏನಂತೆ?”

“ಎರಡಂತೆ. ತೆಳ್ಳಗಿದೆಯಂತೆ. ನನಗೆ ಕಣ್ಣು ಕಾಣಲ್ವಂತೆ.”

“ಅದೊಂದು ನಿಜ ಇರಬಹುದು. ಕೆಂಪಗಾಗಿದೆ ನೋಡು ಕಣ್ಣು. ಕೂತ್ಕೋ ನೆಟ್ಟಗೆ.” ನಾನು ಬೇಡ ಎನ್ನುವಷ್ಟರಲ್ಲಿ ಕಟ್ಟನ್ನು ನನ್ನ ಮೂಗಿಗೇರಿಸಿ ಗಾಜು ಹಾಕಿಯಾಗಿತ್ತು. “ಇದಾ, ಇದಾ?”

“ಎರಡೂ ಒಂದೇ.”

“ಹಾಗಂದ್ರೆ ಆಗಲ್ಲ ಪುಟ್ಟಿ. ಒಂದು ಹೇಳಲೇಬೇಕು.”

“ಅದೇ ಆಗಿದೆ ಕಣೇ ನನ್ನ ಗತಿ!” ಎಂದು ಕಟ್ಟನ್ನು ಕಿತ್ತು ಅವಳ ಕೈಗೆ ಕೊಟ್ಟೆ. ಎಲ್ಲವನ್ನೂ ಹೇಳಿದೆ. ಒಂದೇ ಹಕ್ಕಿ ಎಂದು, ಒಂದು ಹೆಸರು ಹೋಗಲೇಬೇಕು ಎಂದು, ಯಾವುದು ಎಂದು ನಾನೇ ಹೇಳಬೇಕು ಎಂದು. ಅಕ್ಕ ಗಾಜುಗಳನ್ನು ಒರೆಸಿ ಒಂದೊಂದನ್ನೇ ಪೆಟ್ಟಿಗೆಯ ಗೂಡುಗಳಿಗೆ ಸೇರಿಸುತ್ತ ಕೇಳಿದಳು. ಅವಳ ಕಣ್ಣು ಒಮ್ಮೆ ಗೋಡೆಯ ಚಿತ್ರದ ಕಡೆ ಹೋಗಿ ಬಂತು.

“ನಿನ್ನ ಹೆಸರನ್ನೇ ಇಡ್ತೀನಿ,” ಎಂದೆ. “ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೀನಿ. ಆದ್ರೆ ನಿನ್ನ ಮೂಳೆ ಇದೆಯಲ್ಲ, ಅದು ಮೋಟು. ಮುಖ್ಯವಾದ ಭಾಗಾನೇ ಇಲ್ಲ ಅದಕ್ಕೆ. ಅದನ್ನ ಇಟ್ಟುಕೊಂಡು ನಾನು ಜಗಳ ಆಡೋದು ಹೇಗೆ? ನನಗೆ ಸಿಟ್ಟು ಬರೋದು ಅಪ್ಪನ ಮೇಲೆ. ಆ ಪೂರ್ತಿ ಮೂಳೆ ನಿನ್ನ ತಟ್ಟೇಲಿ ಇರಬೇಕಾಗಿದ್ದು. ಕುರುಡರೂ ಹೇಳ್ತಾರೆ ಅದು ದೊಡ್ಡದು ಅಂತ. ಅದನ್ನ ನನ್ನ ತಟ್ಟೆಗೆ ಹಾಕಿದ ಪುಣ್ಯಾತ್ಮರು ಯಾರು ಅಂತ!”

“ನಾನು,” ಎಂದಳು ಅಕ್ಕ.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅವಳು ಪೆಟ್ಟಿಗೆಯ ಮುಚ್ಚಳ ಹಾಕಿದಳು.

“ನಿನಗೆ ನೆನಪಿರಲ್ಲ, ನೀನಿನ್ನೂ ಶಾಲೆಗೆ ಸೇರಿರಲಿಲ್ಲ. ಊಟದ ಮೇಜಿನ ತುಂಬ ಪೇಪರ್ ಹಾಸಿ ಅಪ್ಪ ಮೂಳೆ ಹರಡಿಕೊಂಡಿದ್ರು. ಹೊಸ ಹಕ್ಕಿ ಕಣೇ, ಇದಕ್ಕೆ ನಿನ್ನ ಹೆಸರಿಡ್ತೀನಿ ಅಂದ್ರು ನನಗೆ. ಆಗ ಒಂದೇ ಹಕ್ಕಿ. ನೀನು ಕೇಳಿಸಿಕೊಂಡುಬಿಟ್ಟೆ. ಅಮ್ಮಮ್ಮಾ, ಏನು ರಂಪ! ನೆಲದ ಮೇಲೆ ಬಿದ್ದು ಹೊರಳಾಡಿ, ಉಸಿರು ಕಟ್ಟಿ ತುಟಿ ನೀಲಿಯಾಗೋವರೆಗೂ ಅತ್ತೆ. ನನಗೆ ಗಾಬರಿಯಾಯ್ತು. ಇವಳಿಗೂ ಒಂದು ಕೊಡಿ ಅಪ್ಪ ಅಂದೆ. ಒಂದು ಹಕ್ಕಿಗೆ ಒಂದೇ ಹೆಸರು, ಹಾಗೆಲ್ಲ ಹಂಚೋಕೆ ಬರಲ್ಲ ಅಂತ ರೇಗಿದ್ರು. ಆಮೇಲೆ ನಿನ್ನನ್ನ ಎತ್ತಿಕೊಂಡು ಸಮಾಧಾನ ಮಾಡೋಕೆ ಹೊರಗೆ ಹೋದ್ರು.”

“ಆಮೇಲೆ?”

“ಆಮೇಲೇನು, ನಾನೇ ಹಂಚಿದೆ. ದೊಡ್ಡದೆಲ್ಲ ಈ ಕಡೆ, ನನಗೆ. ಸಣ್ಣದೆಲ್ಲ ಆ ಕಡೆ, ನಿನಗೆ. ನಡುವಿಂದು ಯಾರಿಗೆ ಅಂತ ಗೊತ್ತಾಗ್ಲಿಲ್ಲ, ಬೇರೆ ಇಟ್ಟೆ. ನೋಡಿದ್ರೆ ನಿನ್ನ ಪಾಲಿಗೆ ಬಂದಿದ್ದೆಲ್ಲ ಮುರುಕಲು. ವಾಪಸ್ ಬಂದು ಇದನ್ನ ನೋಡಿದ್ರೆ ಮತ್ತೆ ಶುರು ಮಾಡ್ತಾಳೆ ಅಂತ, ನನ್ನ ಕಡೆ ಇದ್ದಿದ್ರಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದಿದ್ದನ್ನ ತೆಗೆದು ನಿನ್ನ ಕಡೆ ಇಟ್ಟೆ.”

ನಾನು ತಿರುಗಿ ಗೋಡೆಯ ಚಿತ್ರ ನೋಡಿದೆ.

“ಅಪ್ಪ ಬಂದು ನಿಂತು ನೋಡಿದ್ರು,” ಎಂದಳು. “ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ನೀನು ಆ ಮೂಳೆ ಹಿಡ್ಕೊಂಡು ನಗ್ತಾ ಇದ್ದೆ. ತುಂಬಾ ಹೊತ್ತಾದ ಮೇಲೆ ನಿನ್ನ ಕೈಯಿಂದ ತಗೊಂಡು ಅಳೆದ್ರು. 'ತೆಳ್ಳಗಿದೆ' ಅಂದ್ರು. ನಮಗೆ ಹೇಳಿದ್ದಲ್ಲ, ತಮಗೆ ತಾವೇ ಹೇಳಿಕೊಂಡಿದ್ದು. ಆಮೇಲೆ ಇನ್ನೊಂದು ಅಳೆದ್ರು. ಅವತ್ತಿಂದ ಎರಡು.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ತಿಂಗಳು ಕಂಪ್ಯೂಟರ್ ಇಟ್ಟುಕೊಂಡು ನಾನು ಹುಡುಕುತ್ತಿದ್ದ ಗೆರೆ, ಐದನೆಯ ಕ್ಲಾಸಿನ ಹುಡುಗಿಯೊಬ್ಬಳು ಊಟದ ಮೇಜಿನ ಮೇಲೆ ಎಳೆದ ಗೆರೆ. ಅಪ್ಪ ಸುಳ್ಳು ಹೇಳಿರಲಿಲ್ಲ. ಇಬ್ಬರು ಮಕ್ಕಳು ಜಗಳವಾಡದೆ ಕೂತಿದ್ದನ್ನು ನೋಡಿ, ಅದು ನಿಜವಾಗಿದ್ದರೆ ಎಷ್ಟು ಚೆನ್ನ ಎಂದುಕೊಂಡು ಅಳೆಯಲು ಕೂತಿದ್ದರು. ಹಾಗೆ ಅಳೆಯುವವರಿಗೆ ಬೇಕಾದ ಅಳತೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ನಾನೂ ಈ ಸಲ ಹಾಗೆಯೇ ಕೂತವಳು, ನನಗೆ ಸಿಗಲಿಲ್ಲ, ಅಷ್ಟೇ ವ್ಯತ್ಯಾಸ.

“ಹಾಗಾದ್ರೆ ಆಗೇ ಹೋಯ್ತು,” ಎಂದೆ, ಕುರ್ಚಿಯಿಂದ ಎದ್ದು. “ಆ ಮೂಳೆ ನಿನ್ನದು. ನಿನ್ನ ಹೆಸರೇ ಇರುತ್ತೆ. ಆ ಪರಿಣತ ಏನು ಬೇಕಾದ್ರೂ ಬೊಗಳಿಕೊಳ್ಳಲಿ.”

“ಮುರಿದಿದ್ದಕ್ಕೆ ನನ್ನ ಹೆಸರು ಕಟ್ಟಿ ಮೆರೆಸ್ತೀಯಾ?”

“ನಿನ್ನದನ್ನ ನಿನಗೆ ವಾಪಸ್ ಕೊಡ್ತಿದ್ದೀನಿ ಕಣೇ!”

“ವಾಪಸ್ ಕೊಡು ಅಂತ ನಾನು ಕೇಳಿದ್ನಾ?” ಅಕ್ಕನ ಧ್ವನಿ ಮೊದಲ ಸಲ ಗಡುಸಾಯಿತು. “ಇಟ್ಕೊಳ್ಳಲಿ ಅಂತ ಕೊಟ್ಟಿದ್ದು. ಕೊಟ್ಟಿದ್ದನ್ನ ಒಂದು ದಿನ ತಂದು ಮುಂದೆ ಇಡ್ತಾಳೆ ಅಂತ ಗೊತ್ತಿದ್ರೆ ಕೊಡ್ತಾನೇ ಇರಲಿಲ್ಲ.”

“ನಿನ್ನ ಹೆಸರು ಹೋಗುತ್ತೆ ಅಕ್ಕ. ಎಲ್ಲೂ ಇರಲ್ಲ. ನಿನಗೆ ಬೇಜಾರಾಗಲ್ವಾ?”

“ಆಗುತ್ತೆ. ಆಗಲ್ಲ ಅಂತ ಯಾರು ಹೇಳಿದ್ರು?” ಅವಳು ಗೋಡೆಯ ಚಿತ್ರ ನೋಡಲಿಲ್ಲ, ಬಾಗಿಲ ಕಡೆ ನೋಡಿದಳು. “ನಿನಗೆ ಕೆಲಸ ಇದೆ, ಹೆಸರು ಬರೋಕೆ ನೂರು ದಾರಿ ಇದೆ. ನನ್ನದು ಕನ್ನಡಕ. ಕನ್ನಡಕ ಚೆನ್ನಾಗಿದ್ರೆ ಮಾಡಿಕೊಟ್ಟೋರನ್ನ ಯಾರೂ ನೆನೆಸ್ಕೊಳ್ಳಲ್ಲ. ಬೇಜಾರು ಆಗೇ ಆಗುತ್ತೆ. ಆದ್ರೆ ನೀನು ನನ್ನ ಹೆಸರು ಉಳಿಸೋಕೆ ಹೋಗಿ, ನಾಳೆ ಯಾರೋ ಬಂದು ಇದು ಆ ಹಕ್ಕೀನೇ ಅಲ್ಲ ಅಂದ್ರೆ? ಆಗ ನನ್ನದೂ ಹೋಯ್ತು, ನಿನ್ನದೂ ಹೋಯ್ತು. ನನಗೇ ಗೊತ್ತಾಗುತ್ತೆ ಇದು, ನಿನಗೆ ಗೊತ್ತಾಗಲ್ವಾ?”

ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವಳ ಮೇಲೆ ಸಿಟ್ಟು ಬಂತು. ಮಾತಿಗೆ ಮಾತು ಬೆಳೆಸಿದೆ. ಬಾಲ್ಯದಿಂದಲೂ ಇದೇ ಆಯಿತು ನಿನ್ನದು, ಕೇಕಿನಲ್ಲಿ ದೊಡ್ಡ ಚೂರು ನನಗೆ ಕೊಟ್ಟು ದೊಡ್ಡವಳಾಗಿಬಿಡುತ್ತೀಯ, ಒಂದು ಸಲವಾದರೂ ನನಗೆ ಕೊಡುವುದಕ್ಕೆ ಬಿಡು ಎಂದು ಕೂಗಾಡಿದೆ. ಕನ್ನಡಕದ ಕಾಲು ಸರಿಮಾಡಿಸಲು ಬಂದ ಹೆಂಗಸೊಬ್ಬರು ಬಾಗಿಲಲ್ಲೇ ನಿಂತು, ಆಮೇಲೆ ಬರುತ್ತೇನೆ ಎಂದು ಹೋಗಿಬಿಟ್ಟರು. ಅಕ್ಕ ನಕ್ಕಳು. ಕಣ್ಣು ಒದ್ದೆಯಾಗಿತ್ತು.

“ನನ್ನ ಗಿರಾಕೀನ ಓಡಿಸಿದೆ ನೋಡು,” ಎಂದಳು. “ಹೋಗು, ಕೆಲಸ ನೋಡು.”

ಮಾರನೆಯ ದಿನ ಮೂಳೆ ಕೋಣೆಯಲ್ಲಿ ಎರಡು ಮಾದರಿ ಮೂಳೆಗಳನ್ನೂ ಮುಂದಿಟ್ಟುಕೊಂಡು ಕೂತೆ. ಅಕ್ಕನ ಹೆಸರು ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಆಯ್ಕೆ ನಿಮ್ಮದು ಎನ್ನುತ್ತದೆ ನಿಯಮ. ಎಂಥ ಆಯ್ಕೆ, ಮಣ್ಣು! ನಾನು ತೊದಲುತ್ತಿದ್ದ ಕಾಲದಲ್ಲೇ ಅಕ್ಕ ಅದನ್ನು ಮಾಡಿ ಮುಗಿಸಿದ್ದಳು, ನನಗೆ ಸಹಿ ಮಾತ್ರ ಬಿಟ್ಟಿದ್ದಳು. ಆ ಪೂರ್ತಿ ಮೂಳೆಯನ್ನು ಕೈಗೆತ್ತಿಕೊಂಡೆ. ಇದನ್ನೇ ಹಿಡಿದುಕೊಂಡು ನಾನು ನಕ್ಕಿದ್ದೆನಂತೆ. ಅಂದು ಮುರಿಯದೆ ಉಳಿದದ್ದೇ ಆಶ್ಚರ್ಯ. ಹಾಗೇ ಇನ್ನೊಮ್ಮೆ ನಡುವನ್ನು ಅಳೆದೆ. ಬಳಗದ ಮಿಕ್ಕ ಮೂಳೆಗಳ ಪಕ್ಕದಲ್ಲಿ ಅದು ಒಂದು ಕೂದಲೆಳೆಯಷ್ಟು ತೆಳ್ಳಗಿತ್ತು, ಏನನ್ನೂ ಹೇಳಲು ಸಾಲದಷ್ಟು.

ಕೊನೆಗೆ ನನ್ನ ಹೆಸರನ್ನು ಬರೆದೆ. ಕಾರಣ ಕೊಡಬೇಕಾದ ಜಾಗದಲ್ಲಿ 'ಈ ಹೆಸರಿನ ಮಾದರಿ ಮೂಳೆ ಪೂರ್ಣವಾಗಿರುವುದರಿಂದ' ಎಂದು ಹಾಕಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆ ಪೂರ್ಣವಾಗಿರುವ ಮೂಳೆ ನನ್ನ ಹೆಸರಿಗೆ ಹೇಗೆ ಬಂತು ಎಂದು ಬರೆಯಲು ಆ ಲೇಖನದಲ್ಲಿ ಎಲ್ಲೂ ಜಾಗವಿರಲಿಲ್ಲ. ಕಳಿಸಿದ ಮೇಲೆ ಎರಡು ತಟ್ಟೆಗಳನ್ನೂ ಅನುಮಾನದ ಡ್ರಾಯರನ್ನೂ ಒಂದು ಮಾಡಿದೆ. ದೊಡ್ಡದು, ಸಣ್ಣದು ಎಂಬ ಅಪ್ಪನ ಚೀಟಿಗಳನ್ನು ಎಸೆಯಲು ಮನಸ್ಸಾಗದೆ ಡ್ರಾಯರಿನ ಮೂಲೆಗೆ ಸಿಕ್ಕಿಸಿದೆ. ತಾಳ್ಮೆ ಬಂದು ನೋಡಿ, “ನೋಡಿದ್ರಾ, ತಾಳ್ಮೆಯಿಂದ ಎಲ್ಲ ಆಗುತ್ತೆ,” ಎಂದರು. ಕ್ಯಾಲಿಪರ್ ನನ್ನ ಕೈಯಲ್ಲಿ ಇಲ್ಲದಿದ್ದದ್ದೇ ಅವರ ಪುಣ್ಯ.

ಲೇಖನ ಅಚ್ಚಾಗಿ ಬಂದ ದಿನ ಒಂದು ಪ್ರತಿ ತೆಗೆದುಕೊಂಡು ಅಪ್ಪನ ಹತ್ತಿರ ಹೋದೆ. ಹಡಗಿನ ಸಮುದ್ರ ಮುಗಿದಿತ್ತು, ಅಲ್ಲಲ್ಲಿ ಉಬ್ಬಿಕೊಂಡಿತ್ತು. ಅಪ್ಪ ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಅಳತೆಗಳನ್ನೂ ಬಿಡದೆ ಓದಿದರು. ಓದಿ ಮುಗಿಸಿ ಕನ್ನಡಕ ತೆಗೆದರು.

“ಕೆಲಸ ಚೊಕ್ಕವಾಗಿದೆ,” ಎಂದರು. ಗಾಜು ಒರೆಸುತ್ತ, “ಆದ್ರೂ ತೆಳ್ಳಗಿತ್ತು ಕಣೇ,” ಎಂದರು.

“ಹೌದಪ್ಪ, ತೆಳ್ಳಗಿತ್ತು,” ಎಂದೆ. ಬೇರೆ ಏನು ಹೇಳಲಿ?

ಕೆಳಗಿಳಿಯುವಾಗ ಒಂದೊಂದು ಮೆಟ್ಟಿಲಿಗೂ ತಡಮಾಡಿದೆ. ಯಾವ ಹೆಸರು ಬರೆದೆನೆಂದು ಅಕ್ಕನಿಗೆ ಮೊದಲೇ ಫೋನಿನಲ್ಲಿ ಹೇಳಿದ್ದೆ, ಚಿತ್ರ ಇದ್ದ ಗೋಡೆ ಬರಿದಾಗಿರುತ್ತದೆ ಎಂದುಕೊಂಡಿದ್ದೆ. ಅದನ್ನು ನೋಡುವ ಧೈರ್ಯ ಇರಲಿಲ್ಲ, ಹಿಂದಿನ ಬಾಗಿಲಿನಿಂದ ಹೊರಟುಬಿಡೋಣ ಎಂದೂ ಅನ್ನಿಸಿತ್ತು. ಆದರೆ ಚಿತ್ರ ಅಲ್ಲೇ ಇತ್ತು. ಅದೇ ಹಕ್ಕಿ, ಅದೇ ಮೀನು. ಕೆಳಗಿನ ಹೆಸರಿನ ಪಟ್ಟಿ ಮಾತ್ರ ಹೊಸದು. ಅಕ್ಕನೇ ತನ್ನ ದುಂಡು ಅಕ್ಷರದಲ್ಲಿ ನನ್ನ ಹೆಸರನ್ನು ಬರೆದು, ಲ್ಯಾಟಿನ್ ಬಾಲವನ್ನೂ ಸರಿಯಾಗಿ ಹಚ್ಚಿ ಅಂಟಿಸಿದ್ದಳು.

ಬಸ್ ಚಾಲಕ ಹೊಸ ಕನ್ನಡಕ ಹಾಕಿಕೊಂಡು ಅಂಗಡಿಯನ್ನೆಲ್ಲ ಓದುತ್ತಿದ್ದ. ಗಡಿಯಾರ ಓದಿದ, ಬೆಲೆಯ ಚೀಟಿಗಳನ್ನು ಓದಿದ, ಆಮೇಲೆ ಚಿತ್ರದ ಕೆಳಗಿನದನ್ನು ತಡವರಿಸುತ್ತ ಓದಿದ.

“ಇದ್ಯಾವ ಹಕ್ಕಿ ಮೇಡಂ? ನಿಮ್ಮ ಹೆಸರಿಂದು ಅಂತ ಹೋದ ಸಲ ಹೇಳಿದ್ರಿ. ಇಲ್ಲಿ ಬೇರೆ ಇದೆಯಲ್ಲ?”

ನಾನು ಕಪಾಟಿನ ಮರೆಯಲ್ಲೇ ನಿಂತೆ. ಅಕ್ಕ ಅವನ ಕನ್ನಡಕದ ಕಾಲನ್ನು ಕಿವಿಯ ಹಿಂದೆ ಸರಿಮಾಡುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಅದು ನನ್ನ ತಂಗಿ ಹೆಸರು,” ಎಂದಳು. “ನಾನೇ ಇಟ್ಟಿದ್ದು.”